ಕಣ್ಣು ಕೂಡಿದರೆ ದಳ ಕೂಡೀತು

ಗೊಂಬೆ ಹಬ್ಬದ ಮೆಟ್ಟಿಲುಗಳಲ್ಲಿ ಪಟ್ಟದ ಗೊಂಬೆಗಳದ್ದು ನಿಶ್ಚಿಂತೆಯ ಜಾಗ. ರಾಜ-ರಾಣಿ ಹುಟ್ಟಿನಿಂದಲೇ ಜೋಡಿ; ಒಂದೇ ಕೈ ಕೆತ್ತಿದವು, ಒಂದೇ ಮರದವು. ತಾಪತ್ರಯವೆಲ್ಲ ಕೆಳಗಿನ ಜಂಬೂಸವಾರಿಯ ಸಾಲಿನದು. ಅಂಬಾರಿ ಆನೆ ಒಂದು ವರ್ಷ ಮನೆಗೆ ಬಂದಿರುತ್ತದೆ, ಬ್ಯಾಂಡಿನವರು ಇನ್ನೊಂದು ವರ್ಷ, ಈಟಿ ಹಿಡಿದ ಸವಾರರು ಯಾರೋ ಕೊಟ್ಟ ಉಡುಗೊರೆ. ಒಂದು ಪಣ್ರುಟ್ಟಿಯ ಮಣ್ಣು, ಒಂದು ಕೊಂಡಪಲ್ಲಿಯ ಮರ, ಇನ್ನೊಂದು ಕಾಗದದ ತಿರುಳು. ಎಲ್ಲವನ್ನೂ ಸಾಲಾಗಿ ನಿಲ್ಲಿಸಿದಾಗ ಕಹಳೆಯವನು ಕುದುರೆಗಿಂತ ಎತ್ತರ, ಮಾವುತ ಆನೆಯ ಕಿವಿಯಷ್ಟೂ ಇಲ್ಲ.

ಚಾಮರಾಜಪುರಂನಲ್ಲಿದ್ದ ನಮ್ಮ ದೊಡ್ಡಮ್ಮ ಇದನ್ನು ಸಹಿಸುತ್ತಿರಲಿಲ್ಲ. ಗೊಂಬೆ ಕೊಳ್ಳಲು ಹೊರಟರೆ ಅವರ ಚೀಲದಲ್ಲಿ ಒಂದು ತೆಂಗಿನ ಕಡ್ಡಿ ಇರುತ್ತಿತ್ತು. ಅದರ ಮೇಲೆ ಸೀಸದಕಡ್ಡಿಯಲ್ಲಿ ಎಳೆದ ಮೂರು ಗೆರೆ. ಕೆಳಗಿನದು ಕುದುರೆಯ ಹೆಗಲು, ನಡುವಿನದು ಸೈನಿಕನ ಕಣ್ಣು, ಮೇಲಿನದು ಆನೆಯ ಬೆನ್ನು. ಅಂಗಡಿಯವನು "ಅಮ್ಮಾವ್ರೇ, ಆರಿಂಚಿನ ಸೆಟ್ಟು, ಎಲ್ಲಾ ಒಂದೇ ಸೈಜು" ಎಂದರೆ ದೊಡ್ಡಮ್ಮ ಮಾತಾಡದೆ ಕಡ್ಡಿ ತೆಗೆದು ಗೊಂಬೆಯ ಪಾದಕ್ಕೆ ಹಚ್ಚುತ್ತಿದ್ದರು. ಪಾದಕ್ಕೆ, ಪೀಠಕ್ಕಲ್ಲ. "ತಲೆ ನೋಡಬಾರದು ಕಣೋ, ಕಣ್ಣು ನೋಡಬೇಕು. ಪೇಟ ಒಬ್ಬನದು ಎತ್ತರ, ಒಬ್ಬನದು ಗಿಡ್ಡ. ಕಣ್ಣು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಗದ್ದದ ಮಟ್ಟಕ್ಕೆ ಕುದುರೆಯ ಹೆಗಲು ಬಂದರೆ ನಮ್ಮ ಕಡೆಯ ಕುದುರೆ ಸರಿ. ಆನೆಯ ಬೆನ್ನು ಆಳಿಗೆ ಒಂದೂವರೆ ಪಾಲಿಗಿಂತ ತುಸು ಹೆಚ್ಚಿರಬೇಕು. ಒಂಬತ್ತು ಅಡಿಯ ಆನೆಗೂ ಐದೂವರೆ ಅಡಿಯ ಮನುಷ್ಯನಿಗೂ ಇರುವ ಸಂಬಂಧವೇ ಅದು. ಎರಡು ಬೇರೆ ಅಚ್ಚಿನವರನ್ನು ಒಂದೇ ಸಾಲಿನಲ್ಲಿ ಅವರು ಎಂದೂ ಬೆರೆಸಿದವರಲ್ಲ. ಬ್ಯಾಂಡಿನವರೆಲ್ಲ ಒಂದು ಅಚ್ಚು, ಸವಾರರೆಲ್ಲ ಇನ್ನೊಂದು, ನಡುವೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ವ್ಯತ್ಯಾಸ ಕರಗಿಹೋಗುತ್ತಿತ್ತು.

ಇದೇ ಲೆಕ್ಕವನ್ನು ಇನ್ನೊಂದು ಲೋಕದವರೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ ಎಂದು ತಿಳಿದಾಗ ನನಗೆ ರೋಮಾಂಚನವಾಯಿತು. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಹಳೆಯ ಯುದ್ಧಗಳನ್ನು ಮತ್ತೆ ಆಡುವ ವಾರ್‌ಗೇಮ್ ಹವ್ಯಾಸಿಗಳ ಲೋಕ ಅದು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿಗಳ ತರಬೇತಿಗೆಂದು ಬಂದ ಕ್ರೀಗ್ಸ್‌ಷ್ಪೀಲ್ ಇದರ ಹಿರಿಯಜ್ಜ. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಅಗ್ಗವಾಗಿ ಎರಕ ಹೊಯ್ಯಲು ಕಲಿತು ಮಕ್ಕಳ ಕೈಗೆ ಸೈನ್ಯ ಕೊಟ್ಟಿತು, 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಬರೆದು ಆಟಕ್ಕೆ ನಿಯಮ ಕಟ್ಟಿದ. ಮೈಸೂರಿಗೆ ಮಣೆಯ ಮೇಲಿನ ಯುದ್ಧ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿ ಮುಳುಗೆದ್ದವರು, ಅವರ 'ಶ್ರೀತತ್ತ್ವನಿಧಿ'ಯ ಒಂದು ಭಾಗವೇ ಆಟಗಳಿಗೆ ಮೀಸಲು. ಆದರೆ ಚದುರಂಗದ ಕಾಯಿಗೆ ಎತ್ತರದ ಹಂಗಿಲ್ಲ. ಪುಟ್ಟ ಸೈನಿಕನಿಗೆ ಇದೆ.

ಆ ಹವ್ಯಾಸಿಗಳು ಸೈನಿಕನನ್ನು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ. ದೊಡ್ಡಮ್ಮನ ಕಡ್ಡಿಯ ನಡುಗೆರೆ! ಕಾರಣವೂ ಅದೇ: ಟೋಪಿ, ಪೇಟ, ಗರಿ ಇವುಗಳಿಂದ ಎತ್ತರ ಮೋಸಮಾಡುತ್ತದೆ. ಇವತ್ತು ಹೆಚ್ಚು ಬಳಕೆಯಲ್ಲಿರುವುದು 28 ಮಿಲಿಮೀಟರಿನ ಅಳತೆ, ಅಂದರೆ ನಿಜದ ಮನುಷ್ಯನ ಸುಮಾರು 56ರಲ್ಲಿ ಒಂದು ಪಾಲು. 72ರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಸೈನಿಕರು ಅದಕ್ಕಿಂತ ಗಿಡ್ಡ. ಬ್ರಿಟನ್ಸ್ ಕಂಪನಿಯವರ ಹಳೆಯ 54 ಮಿಲಿಮೀಟರಿನವರು ಇವರ ಪಕ್ಕದಲ್ಲಿ ರಾಕ್ಷಸರು. ಡಬ್ಬಿಯ ಮೇಲೆ 28 ಎಂದು ಬರೆದಿದ್ದರೂ ಒಬ್ಬ ತಯಾರಕನವನು ಸಹಜ ಮೈಕಟ್ಟಿನವನಾಗಿ, ಇನ್ನೊಬ್ಬನವನು ದಪ್ಪ ತಲೆ, ದಪ್ಪ ಮುಂಗೈನವನಾಗಿ ಬರುತ್ತಾನೆ. ಎತ್ತರ ಒಂದೇ ಇದ್ದರೂ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಲಾರರು. ಪೀಠದ ದಪ್ಪದ ವ್ಯತ್ಯಾಸವಾದರೆ ರಟ್ಟು ಅಂಟಿಸಿ ಸರಿಮಾಡಬಹುದು. ತಲೆಯ ಗಾತ್ರಕ್ಕೆ ಮದ್ದಿಲ್ಲ. ಹಾಗಾಗಿ ಕೊಳ್ಳುವ ಮುಂಚೆ ಮೂರು ಕಡೆ ಕಣ್ಣಾಡಿಸಬೇಕು: ತಲೆ, ಮುಂಗೈ, ಕೋವಿ. ನೆಲಕ್ಕೂರಿದ ಕೋವಿಯ ಬಾಯಿ ಹೆಗಲು-ಗದ್ದಗಳ ನಡುವೆ ಬಂದರೆ ಹದಿನೆಂಟನೇ ಶತಮಾನದ ಸೈನಿಕ ಸರಿಯಾಗಿದ್ದಾನೆ ಎಂದರ್ಥ.

ಶ್ರೀರಂಗಪಟ್ಟಣದ ಯುದ್ಧಗಳನ್ನು ಮೇಜಿಗೆ ತರಹೊರಟವನಿಗೆ ಅಳತೆಗಿಂತ ದೊಡ್ಡ ಬಲೆಯೊಂದು ಕಾದಿರುತ್ತದೆ. ವಸಾಹತುಕಾಲದ ಬ್ರಿಟಿಷ್ ಸೈನಿಕ ಎಂದು ಕೇಳಿದರೆ ಕೈಗೆ ಸಿಗುವವನು ಬಹುಮಟ್ಟಿಗೆ ಬೆಂಡಿನ ಟೋಪಿಯವನು, 1879ರ ಜುಲು ಯುದ್ಧದವನು. ಅವನಿಗೂ 1799ರ ಮೇ 4ರಂದು ಕಾವೇರಿಯ ಬಂಡೆಗಳ ಮೇಲೆ ಹಾಯ್ದು ಕೋಟೆಯ ಬಿರುಕಿಗೆ ನುಗ್ಗಿದ, ಇಂಗ್ಲಿಷ್ ಜನರಲ್ ಬೇರ್ಡನ ಸೈನಿಕನಿಗೂ ನಡುವೆ 80 ವರ್ಷ. ಬೇಕಾದವನು ಕಪ್ಪು ದುಂಡು ಟೋಪಿಯ ಕೆಂಪಂಗಿಯವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಅಥವಾ ನೆಪೋಲಿಯನ್ ಕಾಲದ ಆರಂಭದ ಅಚ್ಚುಗಳಲ್ಲಿ ಅವನನ್ನು ಹುಡುಕಬೇಕು. ಪಕ್ಕದಲ್ಲಿ ಮದ್ರಾಸಿನ ಸಿಪಾಯಿ: ಕೆಂಪಂಗಿ, ಮೊಣಕಾಲ ಮೇಲಿನ ಚಡ್ಡಿ. ಅವನು ಸಿಗದೆ 1857ರ ಸಿಪಾಯಿಯನ್ನು ನಿಲ್ಲಿಸುವುದುಂಟು. ಉದ್ದ ಷರಾಯಿ ಕಂಡೊಡನೆ ಕಾಲ ತಪ್ಪಿದ್ದು ಗೊತ್ತಾಗುತ್ತದೆ.

ಟಿಪ್ಪುವಿನ ಕಾಲಾಳು ಹೇಗಿದ್ದ? ಇದಕ್ಕೆ ಮೈಸೂರಿನವನಿಗಿರುವ ಭಾಗ್ಯ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಇಂಥ ಸೈನಿಕರನ್ನು ಎರಕ ಹೊಯ್ಯುವವನಿಗಿಲ್ಲ. ಬಸ್ಸು ಹತ್ತಿದರೆ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರ ಆ ಅರಮನೆಯ ಪಶ್ಚಿಮದ ಗೋಡೆಯ ತುಂಬ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಯುದ್ಧ ಹರಡಿಕೊಂಡಿದೆ. ನಾಲ್ಕೂ ಕಡೆಯಿಂದ ಮುತ್ತಿಗೆಗೆ ಸಿಕ್ಕಿ ಚೌಕ ಕಟ್ಟಿ ನಿಂತ ಇಂಗ್ಲಿಷ್ ದಳ, ಅದರ ನಡುವೆ ಸಿಡಿದ ಮದ್ದಿನ ಬಂಡಿ, ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಆ ದಳದ ನಾಯಕ ಕರ್ನಲ್ ಬೇಲಿ, ದೂರದರ್ಶಕ ಹಿಡಿದು ನೋಡುತ್ತಿರುವ ಮೈಸೂರಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ, ಎರಡೂ ಬದಿಯಿಂದ ಒತ್ತಿಬರುವ ಮೈಸೂರಿನ ಕುದುರೆಪಡೆ. ಎಷ್ಟು ಹೊತ್ತು ನಿಂತು ನೋಡಿದರೂ ತಣಿಯದ ಗೋಡೆ ಅದು. ಒಬ್ಬನ ಹಿಂದೊಬ್ಬ, ಅದೇ ಮುಖ, ಅದೇ ಪೇಟ, ಅದೇ ಕೋವಿ. ಚಿತ್ರಕಾರ ಒಂದು ಅಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ದಳವನ್ನೇ ಎರಕ ಹೊಯ್ದಿದ್ದಾನೆ. ಇಂಗ್ಲಿಷರ ಮುಖ ನುಣ್ಣಗೆ, ಮೈಸೂರಿನವರಿಗೆ ಮೀಸೆ. ಬಣ್ಣ ಹಚ್ಚುವವನಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಆದರೂ ಗೋಡೆಯನ್ನು ಪೂರ್ತಿ ನಂಬುವಂತಿಲ್ಲ. ಕೋಟೆ ಬಿದ್ದ ಮೇಲೆ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ತಿದ್ದಿಸಿದ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಬಣ್ಣ ಬಿತ್ತು. ಹಾಗಾಗಿ ಪಕ್ಕದಲ್ಲಿ 1790ರ ದಶಕದ ವರ್ಣನೆಗಳನ್ನು ಇಟ್ಟುಕೊಳ್ಳಬೇಕು. ನೇರಳೆ ಬಣ್ಣದ ಅಂಗಿ, ಅದರ ಮೇಲೆ ಹುಲಿಪಟ್ಟೆಯೆಂದು ಹೆಸರಾದ ಬಿಳಿ ವಜ್ರಾಕೃತಿಯ ಚುಕ್ಕಿಗಳು, ಕೆಂಪು ಪೇಟ, ನೀಲಿ ನಡುಕಟ್ಟು, ಕಾಲಿಗೆ ಮೆಟ್ಟು. ಕಾರ್ನ್‌ವಾಲಿಸನ ದಂಡಿನ ಜೊತೆ ಬಂದಿದ್ದ ರಾಬರ್ಟ್ ಹೋಮ್ ಬರೆದ ಚಿತ್ರದಲ್ಲಿ ಮೈಸೂರಿನ ಸೈನಿಕನೊಬ್ಬ ರಾಕೆಟ್ಟನ್ನೇ ಬಾವುಟದ ಕೋಲಾಗಿ ಹಿಡಿದು ನಿಂತಿದ್ದಾನೆ. ರಾಕೆಟ್ಟಿಗೆ ಕಟ್ಟಿದ ಬಿದಿರು ಅವನನ್ನು ಮೀರಿ ಮೇಲೆ ಹೋಗಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವಲ್ಲ, ಅವು ಗೇಣುದ್ದದ ಕಬ್ಬಿಣದ ಕೊಳವೆಗಳು. 28 ಮಿಲಿಮೀಟರಿನ ಸೈನಿಕನ ಕೈಯಲ್ಲಿ ಆ ಕೊಳವೆ ನಾಲ್ಕೈದು ಮಿಲಿಮೀಟರಿಗಿಂತ ದೊಡ್ಡದಾಗಬಾರದು. ರಾಕೆಟ್ ಎಂದೊಡನೆ ತೊಲೆಯಷ್ಟು ದಪ್ಪ ಮಾಡಿಬಿಡುವ ಆಸೆಯನ್ನು ಶಿವಮೊಗ್ಗದ ಆ ಬಾವಿ ತಡೆಯುತ್ತದೆ.

ಮೆರವಣಿಗೆಯ ಸೈನ್ಯ ಬೇಕಾದವರಿಗೆ ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಿವೆ. ದಸರಾ ಮೆರವಣಿಗೆಯ 26 ಚಿತ್ರಪಟ್ಟಿಗಳು, ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದವು. ಆನೆಯ ಬೆನ್ನೆಷ್ಟು, ಅಂಬಾರಿಯೆಷ್ಟು, ಪಕ್ಕದ ಸವಾರನೆಷ್ಟು ಎಂಬ ಪ್ರಮಾಣ ಅಲ್ಲಿ ಅಚ್ಚುಕಟ್ಟು. ಮನೆಯಲ್ಲಿ ಜಂಬೂಸವಾರಿ ಹೂಡುವವರು ಅದನ್ನೊಮ್ಮೆ ನೋಡಿಬಂದು ಗೊಂಬೆ ಕೊಳ್ಳಲಿ ಎಂಬುದು ನನ್ನ ಆಸೆ. ನಜರ್‌ಬಾದಿನಲ್ಲಿ, ಮೃಗಾಲಯದ ಎದುರು, ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಗೆ ಮುನ್ನ ತೆರೆಯುವ 'ಬೊಂಬೆ ಮನೆ'ಯಲ್ಲಿ ನಾನಾ ಊರಿನ ಗೊಂಬೆಗಳು ಒಂದೇ ಸೂರಿನಡಿ ಸಿಗುತ್ತವೆ. ಪಕ್ಕಪಕ್ಕ ಇಟ್ಟು ಕಣ್ಣು ಕೂಡಿಸಿ ನೋಡಲು ಅಂಥ ಜಾಗ ಬೇಕು. ಫೋಟೋ ನೋಡಿ ಆನ್‌ಲೈನಿನಲ್ಲಿ ತರಿಸಿದರೆ ಈ ಕೂಡುವಿಕೆ ತಿಳಿಯುವುದಿಲ್ಲ. ಈಗ ಮೂರು ಆಯಾಮದ (3ಡಿ) ಮುದ್ರಣಯಂತ್ರದಲ್ಲಿ ಬೇಕಾದ ಅಳತೆಗೆ ಸೈನಿಕನನ್ನು ಕುಗ್ಗಿಸಿಕೊಳ್ಳಬಹುದು ನಿಜ. 28ರಿಂದ 25ಕ್ಕೆ ಇಳಿಸಿದರೆ ಎತ್ತರ ಕೂಡುತ್ತದೆ, ಆದರೆ ಕೋವಿಯ ಸನೀನು ಸೂಜಿಯಷ್ಟಾಗಿ ಮುರಿಯುತ್ತದೆ.

ಇಷ್ಟೆಲ್ಲ ಕೂಡಿಸಿದ ಮೇಲೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಆ ಯುದ್ಧಗಳನ್ನು ಎಳೆದದ್ದು ಎತ್ತುಗಳು. ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯಿಂದ ಬಂದ ಅಮೃತಮಹಲ್ ರಾಸುಗಳೇ ಹೈದರ್-ಟಿಪ್ಪುಗಳ ದಂಡಿನ ವೇಗ. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಗೆದ್ದಿದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಎದುರಿಂದಲೇ ಹಿಂದಿರುಗಬೇಕಾಯಿತು; ಮೇವಿಲ್ಲದೆ ಎತ್ತುಗಳು ಸತ್ತಿದ್ದವು, ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿದ. ಮುಂದೆ ಅವನ ದಂಡಿಗೆ ಧಾನ್ಯ ಹೊತ್ತು ತಂದವರು ನಮ್ಮ ಲಂಬಾಣಿಗಳು. ಮೇಜಿನ ಮೇಲಿನ ಯುದ್ಧದಲ್ಲಿ ಇವರಿಗೆ ಜಾಗವೇ ಕಡಿಮೆ. ಯೂರೋಪಿನ ಅಚ್ಚಿನ ಎತ್ತಿಗೆ ಹಿಣಿಲಿಲ್ಲ, ಹಿಂದಕ್ಕೆ ಬಾಗಿ ಮೇಲೇಳುವ ನೀಳ ಕೊಂಬಿಲ್ಲ. ಅಂಥ ಎತ್ತನ್ನು ಹುಟ್ಟಿನಿಂದ ನೋಡಿದವರು ಚನ್ನಪಟ್ಟಣದಲ್ಲಿ, ಕಿನ್ನಾಳದಲ್ಲಿ, ನಮ್ಮ ಕುಂಬಾರಗೇರಿಗಳಲ್ಲಿ ಇದ್ದಾರೆ. ಅಳತೆ ಹೇಳಿ ಮಾಡಿಸಿಕೊಳ್ಳುವ ಗಿರಾಕಿ ಬೇಕು, ಅಷ್ಟೆ. ಸೈನಿಕರನ್ನು ಹೊರಗಿನಿಂದಲೇ ತರಿಸೋಣ. ಎತ್ತುಗಳನ್ನಾದರೂ ಇಲ್ಲಿಯವರು ಮಾಡಿಕೊಡಲಿ. ಒಂದು ಫಿರಂಗಿಗೆ ಹತ್ತಾರು ಬೇಕು, ಜೊತೆಗೆ ಹೇರು ಹೊತ್ತ ಲಂಬಾಣಿ ಗುಂಪೊಂದು. ಕಣ್ಣಿನ ಮಟ್ಟ 28 ಮಿಲಿಮೀಟರ್.