ಅಮೃತಬಳ್ಳಿಯೂ ಯಕೃತ್ತೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು 2020ರಲ್ಲಿ ತಲೆಕೆಳಗಾಯಿತು. ಕೊರೋನಾ ಸಾಂಕ್ರಾಮಿಕಕ್ಕೆ ಹೆದರಿದ ಜನರು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಲೆಂದು ಬೇಲಿಯ ಮೇಲೆ ಹಬ್ಬಿದ್ದ ಅಮೃತಬಳ್ಳಿಯನ್ನು ಕೊಯ್ದು ತಂದು ಕಷಾಯ ಕಾಯಿಸಿದರು. ಅಂಗಡಿಗಳಲ್ಲಿ ಅದರ ಮಾತ್ರೆಗಳನ್ನೂ ರಸವನ್ನೂ ಕೊಂಡರು. ಗಿಡಮೂಲಿಕೆಯಲ್ಲವೇ, ಗುಣವಾಗದಿದ್ದರೂ ಕೇಡಾಗದೆಂಬುದು ಅನೇಕರ ನಂಬಿಕೆಯಾಗಿತ್ತು.

ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯ ವೈದ್ಯರು ಯಕೃತ್ತಿಗೆ ಘಾಸಿಯಾಗಿದ್ದ ಆರು ರೋಗಿಗಳನ್ನು ಕಂಡರು. ಆರೂ ಮಂದಿ ಅಮೃತಬಳ್ಳಿಯನ್ನು ಸೇವಿಸಿದ್ದರು. ಅವರಲ್ಲೊಬ್ಬರು ಬದುಕಿ ಉಳಿಯಲಿಲ್ಲ. 2022ರಲ್ಲಿ ದೇಶದ 13 ಚಿಕಿತ್ಸಾ ಕೇಂದ್ರಗಳಿಂದ ಇಂತಹ 43 ರೋಗಿಗಳ ವರದಿ ಪ್ರಕಟವಾಯಿತು. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯವು ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿಯನ್ನು ಜನರು ತಪ್ಪಾಗಿ ಬಳಸಿರಬಹುದೆಂದು ವಾದಿಸಿತು. ಆದರೆ ರೋಗಿಗಳಿಂದ ಪಡೆದು ಪರೀಕ್ಷಿಸಿದ ಮಾದರಿಗಳಲ್ಲಿ ಕಲಬೆರಕೆ ಕಂಡುಬರಲಿಲ್ಲವೆಂದು ಎರಡನೆಯ ವರದಿ ತಿಳಿಸಿತು.

ಯಕೃತ್ತು ಬಲಪಕ್ಕೆಯ ಕೆಳಗಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಅಂಗ. ಕರುಳು ಹೀರಿದ ಬಹುಪಾಲು ವಸ್ತುಗಳು ರಕ್ತದೊಡನೆ ಮೊದಲು ಸೇರುವುದು ಇಲ್ಲಿಗೇ. ಕಷಾಯವೋ ಮಾತ್ರೆಯೋ ಎಂಬ ಭೇದ ಅದಕ್ಕಿಲ್ಲ. ಎರಡರಲ್ಲಿಯೂ ಇರುವುದು ರಾಸಾಯನಿಕಗಳೇ. ಅವುಗಳನ್ನು ಮಾರ್ಪಡಿಸುವಾಗ ಕೆಲವೊಮ್ಮೆ ವಿಷವಸ್ತುಗಳು ಹುಟ್ಟಿ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುತ್ತವೆ. ಅಮೃತಬಳ್ಳಿಯ ವಿಷಯದಲ್ಲಿ ವೈದ್ಯರು ಶಂಕಿಸುವ ದಾರಿ ಬೇರೆ. ಕೆರಳಿದ ನಿರೋಧಕ ಶಕ್ತಿಯು ರೋಗಾಣುಗಳನ್ನು ಬಿಟ್ಟು ತನ್ನದೇ ದೇಹದ ಯಕೃತ್ತಿನ ಮೇಲೆ ಎರಗುತ್ತದೆ. ಯಾವ ಗುಣಕ್ಕಾಗಿ ಬಳ್ಳಿಯನ್ನು ಅರಸಿದರೋ ಆ ಗುಣವೇ ಮುಳುವಾಯಿತೆನ್ನಬೇಕು. ಸೇವಿಸಿದವರೆಲ್ಲರಿಗೂ ಹೀಗಾಗುವುದಿಲ್ಲ, ಯಾರಿಗಾದೀತೆಂದು ಮೊದಲೇ ಹೇಳುವುದೂ ಸುಲಭವಲ್ಲ.

ಆಯಾಸ, ವಾಕರಿಕೆ, ಹಸಿವಿಲ್ಲದಿರುವುದು ಮೊದಲ ಲಕ್ಷಣಗಳು. ಅನಂತರ ಮೂತ್ರದ ಬಣ್ಣ ಗಾಢವಾಗಿ ಕಣ್ಣು ಹಳದಿಯಾಗುತ್ತದೆ. ಕಾಮಾಲೆಯೆಂದೊಡನೆ ನಾಟಿ ಮದ್ದನ್ನು ಹುಡುಕಿಕೊಂಡು ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹೀಗೆ ಒಂದು ಬೇರಿನಿಂದಾದ ಘಾಸಿಯ ಮೇಲೆ ಇನ್ನೊಂದು ಬೇರಿನ ಭಾರವೂ ಬೀಳುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಆ ಮೂಲಿಕೆಯನ್ನು ಒಡನೆಯೇ ನಿಲ್ಲಿಸುವುದು. ಆದರೆ ಏನೇನು ಔಷಧ ತೆಗೆದುಕೊಂಡಿರಿ ಎಂದು ವೈದ್ಯರು ಕೇಳಿದರೆ ರೋಗಿಯು ಕಷಾಯದ ಹೆಸರೆತ್ತುವುದಿಲ್ಲ. ಅವನ ಎಣಿಕೆಯಲ್ಲಿ ಅದು ಔಷಧವೇ ಅಲ್ಲ. ಕಾರಣ ತಿಳಿದು ಸೇವನೆ ನಿಂತರೆ ಬಹುಮಂದಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನಿರೋಧಕ ಶಕ್ತಿಯ ದಾಳಿಯೇ ಕಾರಣವಾಗಿದ್ದರೆ ಅದನ್ನು ತಗ್ಗಿಸಲು ಸ್ಟೀರಾಯ್ಡ್ ಔಷಧಗಳನ್ನು ಕೊಡುವುದುಂಟು. ರಕ್ತ ಹೆಪ್ಪುಗಟ್ಟದೆ, ಪ್ರಜ್ಞೆ ಮಸುಕಾಗತೊಡಗಿದರೆ ಯಕೃತ್ತು ಸೋಲುತ್ತಿದೆಯೆಂದು ಅರ್ಥ. ಆಗ ಕೆಲವರಿಗೆ ಉಳಿಯುವ ದಾರಿ ಬದಲಿ ಯಕೃತ್ತಿನ ಜೋಡಣೆಯೊಂದೇ. ಬದುಕಿರುವ ಬಂಧುವೊಬ್ಬರು ತಮ್ಮ ಯಕೃತ್ತಿನ ಒಂದು ಭಾಗವನ್ನು ಕೊಡಬಹುದು. ದಾನಿಯಲ್ಲಿ ಉಳಿದ ಭಾಗವೂ ರೋಗಿಯನ್ನು ಸೇರಿದ ಭಾಗವೂ ಕೆಲವು ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತವೆ.