ಆನೆಯ ನೀರಿನ ನೆಂಟರು

ಫ್ಲಾರಿಡಾದ ನದಿಗಳಲ್ಲೂ ಕರಾವಳಿಯ ಆಳವಿಲ್ಲದ ನೀರಿನಲ್ಲೂ ಸಸ್ಯ ಮೇಯುತ್ತ ಬದುಕುವ ಮ್ಯಾನೆಟಿ ಎಂಬ ಸ್ತನಿಯು ನೋಟಕ್ಕೆ ಸೀಲ್ ಅಥವಾ ತಿಮಿಂಗಿಲದ ಬಳಗದ್ದೆನಿಸಿದರೂ, ವಂಶದ ಲೆಕ್ಕದಲ್ಲಿ ಅದು ಬನ್ನೇರುಘಟ್ಟ, ನಾಗರಹೊಳೆಗಳ ಕಾಡಾನೆಗೆ ಹತ್ತಿರದ ನೆಂಟ. ಮೂರು ಜಾತಿಯ ಮ್ಯಾನೆಟಿಗಳೂ ಭಾರತದ ಕಡಲಿನಲ್ಲಿರುವ ಡುಗಾಂಗ್ ಅಥವಾ ಕಡಲಹಸುವೂ ಸೇರಿದ ಗುಂಪಿಗೆ ಜೀವವಿಜ್ಞಾನದಲ್ಲಿ ಸೈರೀನಿಯ ಗಣವೆಂದು ಹೆಸರು. ಜಮೈಕದಲ್ಲಿ ದೊರೆತ, ಸುಮಾರು 5 ಕೋಟಿ ವರ್ಷ ಹಳೆಯದಾದ ಪೆಜೊಸೈರನ್ ಎಂಬ ಪಳೆಯುಳಿಕೆಯನ್ನು 2001ರಲ್ಲಿ ವಿವರಿಸಿದಾಗ, ಅದಕ್ಕೆ ದೇಹದ ಭಾರ ಹೊರಬಲ್ಲ ನಾಲ್ಕು ಕಾಲುಗಳಿದ್ದುದು ತಿಳಿದು, ಈ ಗಣದ ಪೂರ್ವಜರು ನೆಲದಿಂದ ನೀರಿಗಿಳಿದ ಬಗೆಗೆ ಗಟ್ಟಿಯಾದ ಸಾಕ್ಷ್ಯ ಸಿಕ್ಕಿತು.

ನಂಟಿನ ಗುರುತುಗಳು ಇಂದಿಗೂ ಮೈಮೇಲೆಯೇ ಉಳಿದಿವೆ: ಆನೆಯಂತೆ ಇವುಗಳ ಮೊಲೆಗಳೂ ಮುಂಗಾಲುಗಳ ಬಳಿ ಇದ್ದರೆ, ಎರಡು ಜಾತಿಯ ಮ್ಯಾನೆಟಿಗಳ ಈಜುಗಾಲಿನ ತುದಿಯಲ್ಲಿ ಆನೆಯ ಪಾದದಲ್ಲಿರುವಂಥ ಉಗುರುಗಳಿವೆ. ಹಲ್ಲಿನ ಸಂಗತಿ ಇನ್ನೂ ಸೋಜಿಗದ್ದು. ಮನುಷ್ಯನಲ್ಲಿ ಹೊಸ ಹಲ್ಲು ಹಳೆಯದರ ಬುಡದಿಂದ ಮೂಡಿದರೆ, ಆನೆ ಮತ್ತು ಮ್ಯಾನೆಟಿಗಳಲ್ಲಿ ದವಡೆಹಲ್ಲುಗಳು ಹಿಂದೆ ಹುಟ್ಟಿ, ಮೆಲ್ಲನೆ ಮುಂದಕ್ಕೆ ಸರಿದು, ಸವೆದ ಮೇಲೆ ಮುಂತುದಿಯಲ್ಲಿ ಉದುರುತ್ತವೆ. ಆನೆಗೆ ಇಂಥ ಆರು ಸರದಿಗಳು ಮಾತ್ರ, ಕಡೆಯದೂ ಸವೆದ ಮುದಿಯಾನೆ ಮೇವು ಅಗಿಯಲಾರದೆ ಸೊರಗುತ್ತದೆ. ಮರಳು ಬೆರೆತ ಒರಟು ಸಸ್ಯ ತಿನ್ನುವ ಮ್ಯಾನೆಟಿಗಾದರೋ ಬದುಕಿರುವಷ್ಟು ಕಾಲವೂ ಹಲ್ಲು ಬರುತ್ತಲೇ ಇರುತ್ತದೆ. ಆದರೆ ಡುಗಾಂಗ್‌ನಲ್ಲಿ ಈ ಏರ್ಪಾಟು ಹೀಗಿಲ್ಲವಾದ್ದರಿಂದ, ಇದು ಪೂರ್ವಜರ ಬಳುವಳಿಯಲ್ಲ, ಒರಟು ಮೇವಿಗೆ ಹೊಂದಿಕೊಳ್ಳುತ್ತ ಎರಡೂ ಕುಲಗಳು ಬೇರೆಬೇರೆಯಾಗಿ ಪಡೆದದ್ದು ಎಂದು ತಿಳಿಯಬೇಕು.

ಮ್ಯಾನೆಟಿಯ ಪಕ್ಕೆಲುಬುಗಳು ಟೊಳ್ಳಿಲ್ಲದೆ ಗಟ್ಟಿಯಾಗಿದ್ದು ಹಡಗಿನ ತಳದಲ್ಲಿಟ್ಟ ಭಾರದಂತೆ ಮೈಯನ್ನು ಕೆಳಕ್ಕೆ ಹಿಡಿದರೆ, ಬೆನ್ನಿನುದ್ದಕ್ಕೂ ಚಾಚಿದ ಶ್ವಾಸಕೋಶಗಳು ಮೇಲಕ್ಕೆ ಎತ್ತುವುದರಿಂದ, ಅದು ಹೆಚ್ಚು ಶ್ರಮವಿಲ್ಲದೆ ನೀರಿನಲ್ಲಿ ಸಮತಲವಾಗಿ ನಿಲ್ಲಬಲ್ಲದು. ಸಸ್ಯಾಹಾರದಲ್ಲಿ ಶಕ್ತಿ ಕಡಿಮೆ. ಅದಕ್ಕೆ ತಕ್ಕಂತೆ ಆಹಾರವನ್ನು ಶಕ್ತಿಯಾಗಿಸುವ ಚಯಾಪಚಯ ಕ್ರಿಯೆಯೂ ಇದರಲ್ಲಿ ನಿಧಾನ. ಈ ಮಿತವ್ಯಯದ ಬದುಕಿಗೆ ಚಳಿ ಶತ್ರುವಾದ್ದರಿಂದ, ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಫ್ಲಾರಿಡಾದ ಮ್ಯಾನೆಟಿಗಳು ಬೆಚ್ಚನೆಯ ಚಿಲುಮೆಗಳನ್ನೋ ವಿದ್ಯುತ್ ಸ್ಥಾವರಗಳು ಹೊರಬಿಡುವ ಬಿಸಿನೀರನ್ನೋ ಹುಡುಕಿಕೊಂಡು ಹೋಗುತ್ತವೆ. ಮಲಿನಗೊಂಡ ನೀರಿನಲ್ಲಿ ಪಾಚಿ ಹಬ್ಬಿ, ಬೆಳಕು ಸಿಗದೆ ಕಡಲಹುಲ್ಲು ನಾಶವಾದ ಪರಿಣಾಮವಾಗಿ 2021ರಲ್ಲಿ ಅಲ್ಲಿ ಸತ್ತ ಸುಮಾರು 1,100 ಮ್ಯಾನೆಟಿಗಳಲ್ಲಿ ಹಸಿವಿನಿಂದ ಸತ್ತವೇ ಬಹಳ. ಮರುವರ್ಷದ ಚಳಿಗಾಲದಲ್ಲಿ ಅಧಿಕಾರಿಗಳು ಲೆಟ್ಯೂಸ್ ಸೊಪ್ಪು ಹಾಕಿ ಅವುಗಳನ್ನು ಸಾಕಬೇಕಾಯಿತು.

ಭಾರತದಲ್ಲಿ ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಮತ್ತು ಅಂಡಮಾನ್ ನಿಕೋಬಾರ್‌ಗಳಲ್ಲಿ ಉಳಿದಿರುವ ಡುಗಾಂಗ್ ಸಹ ಇದೇ ಕಡಲಹುಲ್ಲನ್ನು ನೆಚ್ಚಿಕೊಂಡದ್ದು. ಮ್ಯಾನೆಟಿಯ ಬಾಲ ದುಂಡಗಿದ್ದರೆ ಇದರದು ಡಾಲ್ಫಿನ್‌ನದರಂತೆ ಕವಲೊಡೆದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಗಾಗಿ ತಮಿಳುನಾಡು ಸರ್ಕಾರವು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಪ್ರದೇಶವನ್ನು ದೇಶದ ಮೊದಲ ಡುಗಾಂಗ್ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹೆಣ್ಣು ಹಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುವುದರಿಂದ, ಉಸಿರಿಗಾಗಿ ಮೇಲೆ ಬರಲಾಗದೆ ಬಲೆಯಲ್ಲಿ ಮುಳುಗಿ ಸಾಯುವ ಒಂದೊಂದು ಡುಗಾಂಗ್‌ನ ನಷ್ಟವನ್ನೂ ತುಂಬಲು ದೀರ್ಘಕಾಲ ಬೇಕು. ಹಾಗಾಗಿ ಮೀಸಲಿನ ಗಡಿರೇಖೆಗಿಂತ ಹೆಚ್ಚಿನ ಬೆಲೆ, ಸಿಕ್ಕಿಬಿದ್ದ ಡುಗಾಂಗ್‌ನ್ನು ಕಡಲಿಗೆ ಮರಳಿ ಬಿಡುವ ಅಲ್ಲಿನ ಮೀನುಗಾರರ ಸಹಕಾರಕ್ಕಿದ್ದು, ಹಾಗೆ ಬಿಟ್ಟವರನ್ನು ಅರಣ್ಯ ಇಲಾಖೆ ಬಹುಮಾನ ಕೊಟ್ಟು ಗೌರವಿಸುತ್ತ ಬಂದಿದೆ.