ಮೂಟೆಯ ಲೆಕ್ಕ, ಗಂಡಿಯ ಏರು: ಕಾಫಿ ಬೆಟ್ಟಕ್ಕೆ ಪಿಕಪ್ ಬಂದ ದಾರಿ

ಅತ್ತಿಗುಂಡಿ ಕಡೆಯವರು ಪಿಕಪ್ ಕೊಳ್ಳಲು ಹೊರಟರೆ ಮೊದಲು ಮೂಟೆಯ ಮಾತು. ‘ಎಷ್ಟು ಮೂಟೆ ಹಿಡಿಯುತ್ತೆ?’ ಕಾಫಿ ಮೂಟೆಗೆ 50 ಕಿಲೋ. ಆ ಲೆಕ್ಕದಲ್ಲಿ ಟಾಟಾ ಏಸ್‌ಗೆ 15 ಮೂಟೆ, ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ 25, ಮಹೀಂದ್ರ ಬೊಲೆರೊ ಪಿಕಪ್‌ನ 1.7 ಟನ್ ಮಾದರಿಗೆ 34. ಆಮೇಲೆ ಎರಡನೇ ಪ್ರಶ್ನೆ: ‘ಲೋಡ್ ಹಾಕಿಕೊಂಡು ಕವಿಕಲ್ ಗಂಡಿ ಏರುತ್ತಾ?’ ಕಂಪನಿಯವರು ಅಚ್ಚು ಹಾಕಿಸಿ ಕೊಡುವ ಬಣ್ಣದ ಪತ್ರಿಕೆಯಲ್ಲಿ ಮೊದಲನೆಯದಕ್ಕೆ ಉತ್ತರವಿದೆ. ಎರಡನೆಯದಕ್ಕೆ ಇಲ್ಲ.

ಚಿಕ್ಕಮಗಳೂರಿನಿಂದ ಹೊರಟು ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ಚಂದ್ರದ್ರೋಣ ಪರ್ವತದ ಮೈಗೆ ಅಂಟಿಕೊಂಡೇ ಏರುತ್ತದೆ. ಸೀತಾಳಯ್ಯನಗಿರಿಯ ಕವಲು, ಕವಿಕಲ್ ಗಂಡಿ, ಅತ್ತಿಗುಂಡಿ, ಮುಂದೆ ಬಾಬಾಬುಡನ್‌ಗಿರಿ. ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ. ಮಳೆಗಾಲದಲ್ಲಿ ದರೆ ಕುಸಿಯುವ ಭಯ, ಮಂಜು ಕವಿದರೆ ಎದುರಿನ ವಾಹನದ ದೀಪವೂ ಕಾಣದು. ಈ ದಾರಿಯಲ್ಲಿ ಕಾಫಿ, ಮೆಣಸು ಕೆಳಗಿಳಿಯುತ್ತವೆ. ಗೊಬ್ಬರ, ಸಿಮೆಂಟು, ಅಕ್ಕಿ ಮೇಲೇರುತ್ತವೆ. ಇಳಿಯುವಾಗ ಬ್ರೇಕಿಗೆ ಪರೀಕ್ಷೆ, ಏರುವಾಗ ಎಂಜಿನ್ನಿಗೆ. ಬಯಲುಸೀಮೆಯಲ್ಲಿ ಹೆಸರು ಮಾಡಿದ ಗಾಡಿ ಇಲ್ಲಿ ಸೋಲಬಹುದು, ಅಲ್ಲಿ ಯಾರೂ ಕೇಳದ್ದು ಇಲ್ಲಿ ಹದಿನೈದು ವರ್ಷ ದುಡಿಯಬಹುದು.

ಪಿಕಪ್ಪಿಗೂ ಮುಂಚೆ ಇಲ್ಲಿ ಜೀಪಿನದೇ ರಾಜ್ಯ. ಮಹೀಂದ್ರ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು. ದೊಡ್ಡ ಎಸ್ಟೇಟಿನವರಿಗೆ ಜೀಪು, ಹಿಂದೊಂದು ಟ್ರೇಲರ್, ಕೆಲವರಿಗೆ ಸ್ವಂತ ಲಾರಿ. ಎರಡು ಮೂರು ಎಕರೆಯವರಿಗೆ ಎತ್ತಿನ ಗಾಡಿ, ಇಲ್ಲವೇ ಪಕ್ಕದವರ ಲಾರಿಯಲ್ಲಿ ಹತ್ತು ಮೂಟೆಯ ಜಾಗ. ಆಗ ಅದರಲ್ಲೇ ಕೆಲಸ ಸಾಗುತ್ತಿತ್ತು, ಏಕೆಂದರೆ ಕಾಫಿ ಹೋಗಬೇಕಾದ ಜಾಗ ಒಂದೇ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು, ಹಣ ಕಂತುಕಂತಾಗಿ ಬರುತ್ತದೆ. ಯಾವ ದಿನ ಒಯ್ದರೂ ದರದಲ್ಲಿ ಲಾಭವಿಲ್ಲ ಎಂದಮೇಲೆ ಸ್ವಂತ ವಾಹನದ ತುರ್ತು ಯಾರಿಗೆ?

ಆ ಕಟ್ಟು ಸಡಿಲಾದದ್ದು 1992ರಲ್ಲಿ, ಬೆಳೆಯ ಒಂದು ಪಾಲನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಬೆಳೆಗಾರರಿಗೆ ಅವಕಾಶ ಸಿಕ್ಕಾಗ. 1996ರ ಹೊತ್ತಿಗೆ ಪೂರ್ತಿ ಬೆಳೆ ಬೆಳೆಗಾರರ ಕೈಗೇ ಬಂತು. ಪಿಕಪ್ಪಿನ ಕಥೆ ಬರೆಯುವವರು ಕಂಪನಿಗಳನ್ನು ಹೊಗಳಿ ಈ ವರ್ಷವನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಅತ್ತಿಗುಂಡಿಗೆ ಪಿಕಪ್ ಕರೆತಂದದ್ದು 1996. ಇವತ್ತು ದರ ಏರಿತೆಂದು ಗೊತ್ತಾದರೆ ಇವತ್ತೇ ಎಂಟು ಮೂಟೆ ಇಳಿಸಬೇಕು, ಮಗಳ ಕಾಲೇಜು ಫೀಸಿಗೆ ಮುಂದಿನ ವಾರ ಐದು ಮೂಟೆ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ರಷ್ಟು ಮಂದಿ ಹತ್ತು ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ಅವರ ಅಳತೆಯ ವಾಹನ ಆಗಿನ್ನೂ ಮಾರುಕಟ್ಟೆಯಲ್ಲಿರಲಿಲ್ಲ. 1986ರಲ್ಲಿ ಬಂದ ಟಾಟಾ 407 ಗಟ್ಟಿ ಗಾಡಿ ನಿಜ. ಹದಿನೈದು ಮೂಟೆಯವರಿಗೆ ಅದು ದೊಡ್ಡದಾಯಿತು.

ಟಾಟಾ ಕಂಪನಿಯ ಗಿರೀಶ್ ವಾಘ್ ತಂಡ ತ್ರಿಚಕ್ರದ ಸರಕು ಆಟೊ ಓಡಿಸುವವರನ್ನು ಮಾತಾಡಿಸಿ ರೂಪಿಸಿದ ಏಸ್, 2005ರ ಮೇ ತಿಂಗಳಲ್ಲಿ ಬಂತು. 702 ಸಿಸಿಯ ಎರಡು ಸಿಲಿಂಡರ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ, ಬೆಲೆ ಸುಮಾರು ಎರಡೂಕಾಲು ಲಕ್ಷ. ಜನ ‘ಚೋಟಾ ಹಾಥಿ’ ಎಂದರು. 3.8 ಮೀಟರ್ ಉದ್ದದ ಈ ಗಾಡಿ ತೋಟದ ಒಳದಾರಿಯ ಎಂಥ ತಿರುವಿನಲ್ಲೂ ತಿರುಗುತ್ತಿತ್ತು. ಆದರೆ ತುಂಬಿದ ಗೊಬ್ಬರದೊಂದಿಗೆ ಗಂಡಿಯ ಏರಿಗೆ ಬಂದಾಗ ಮೊದಲನೇ ಗೇರು, ಎರಡನೇ ಗೇರು, ಮತ್ತೆ ಮೊದಲನೇ ಗೇರು. 2011ರಲ್ಲಿ ದೋಸ್ತ್, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ, 2019ರಲ್ಲಿ ಟಾಟಾ ಇಂಟ್ರಾ ಸಾಲಾಗಿ ಬಂದವು.

ಘಟ್ಟದಲ್ಲಿ ಅಶ್ವಶಕ್ತಿಗಿಂತ, ಎಂಜಿನ್ ನಿಧಾನ ತಿರುಗುವಾಗಲೂ ಎಷ್ಟು ಎಳೆಯುತ್ತದೆ ಎನ್ನುವುದು ಮುಖ್ಯ. ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ ಚುರುಕು. ಏರಿನಲ್ಲಿ ಮಾತ್ರ ಅದನ್ನು ರೇಗಿಸುತ್ತಲೇ ಇರಬೇಕು. ಬೊಲೆರೊದ ಎರಡೂವರೆ ಲೀಟರ್ ಡೀಸೆಲ್ ಎಂಜಿನ್ ಅವಸರವಿಲ್ಲದೆ ಎಳೆಯುತ್ತದೆ. ಬೆಟ್ಟದವರಿಗೆ ಅದೇ ಹಿಡಿಸಿತು. ಆದರೂ ಅದರ 1.7 ಟನ್ ಮಾದರಿ ಐದು ಮೀಟರಿಗೂ ಉದ್ದ. ಗಿಡಗಳ ನಡುವಿನ ದಾರಿಗೆ ನುಗ್ಗಿಸುವ ಮೊದಲು ಟೇಪು ಹಿಡಿದು ನೋಡಬೇಕು. ಜೂನ್-ಜುಲೈಯ ಕೆಸರಿನಲ್ಲಿ ಖಾಲಿ ಪಿಕಪ್ಪಿನ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಅಂಥ ತೋಟವಿದ್ದವರು ಫೋರ್ ವೀಲ್ ಮಾದರಿಗೆ ಹೆಚ್ಚು ಹಣ ಕೊಟ್ಟರೆ ನಷ್ಟವಿಲ್ಲ.

ಬುಕ್ ಮಾಡುವಾಗ ಹಲವರು ಕೇಳದ ಒಂದು ಮಾತಿದೆ. ಗಾಡಿಯ ಒಟ್ಟು ತೂಕಕ್ಕೆ ಮಿತಿ ಉಂಟು. ಅದರಲ್ಲಿ ಗಾಡಿಯದೇ ತೂಕ ಕಳೆದರೆ ಉಳಿಯುವುದು ಹೊರೆ. ಬಾಡಿ ಎತ್ತರಿಸಿ, ಕಬ್ಬಿಣದ ಕಮಾನು ಹಾಕಿಸಿ, ಟಾರ್ಪಾಲು ಕಟ್ಟಿಸಿ ನೂರು ಕಿಲೋ ಸೇರಿಸಿದರೆ ಎರಡು ಮೂಟೆ ಹೋಯಿತೆಂದೇ ಅರ್ಥ. ಕೊಯ್ಲಿನ ಕಾಲದಲ್ಲಿ ಇನ್ನೊಂದು ಎಚ್ಚರ: ಹಣ್ಣನ್ನು ಅದೇ ದಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಬೇಕಾದ ಆತುರದಲ್ಲಿ ಹಸಿ ಹಣ್ಣಿನ ಚೀಲವನ್ನು ಒಣ ಕಾಫಿಯ ಮೂಟೆಯಂತೆ ಎಣಿಸುತ್ತಾರೆ. ಹಸಿ ಹಣ್ಣು ಹೆಚ್ಚು ಭಾರ. ಚೀಲ ಎಣಿಸಬೇಡಿ, ತೂಗಿ ಹೇರಿ.

ಓಡಿಸುವವರ ತೊಡಕೊಂದು ಈಚೆಗೆ ಬಗೆಹರಿದಿದೆ. 7,500 ಕಿಲೋ ಒಟ್ಟು ತೂಕದೊಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಬಗೆಹರಿಯದೆ ಉಳಿದದ್ದು ಆಳುಗಳ ಪ್ರಯಾಣ. ಬೆಳಗ್ಗೆ ಗೊಬ್ಬರ ಹೊತ್ತ ಪಿಕಪ್ಪಿನಲ್ಲೇ ಸಂಜೆ ಹೆಂಗಸರು ನಿಂತುಕೊಂಡು ಮನೆಗೆ ಹೋಗುತ್ತಾರೆ. ಸರಕಿನ ಗಾಡಿಯಲ್ಲಿ ಜನರನ್ನು ಹೇರುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯೂ ಕೈಗೆಟುಕುವುದು ಕಷ್ಟ. ಮೂಟೆಗೆ ಹಗ್ಗ ಬಿಗಿಯುವ ನಾವು ಮನುಷ್ಯರನ್ನು ತೆರೆದ ಬಾಡಿಯಲ್ಲಿ ನಿಲ್ಲಿಸಿ ಆ ತಿರುವುಗಳನ್ನು ಇಳಿಸುವುದು ತಪ್ಪು. ನಾಲ್ಕಾರು ತೋಟದವರು ಕೂಡಿ ಒಂದು ಜೀಪನ್ನೋ ಮಿನಿ ಬಸ್ಸನ್ನೋ ಗೊತ್ತು ಮಾಡಿಕೊಳ್ಳಬಹುದು, ಅದರ ಖರ್ಚನ್ನು ಕೊಯ್ಲಿನ ಖರ್ಚಿಗೇ ಸೇರಿಸಬೇಕು.

ಈಗ ವಿದ್ಯುತ್ ಪಿಕಪ್ ಬಗ್ಗೆಯೂ ವಿಚಾರಣೆ ಶುರುವಾಗಿದೆ. ಟಾಟಾ 2022ರಲ್ಲಿ ಏಸ್ ಇವಿ ತಂದಿತು; 2025ರ ಏಸ್ ಪ್ರೊ ಅದೇ ಹಳೆಯ ಮುಕ್ಕಾಲು ಟನ್ ಹೊರೆಗೆ ಪೆಟ್ರೋಲಿನಲ್ಲೂ ವಿದ್ಯುತ್ತಿನಲ್ಲೂ ಸಿಗುತ್ತದೆ. ಇಳಿಜಾರಿನಲ್ಲಿ ಮೋಟಾರೇ ಚಕ್ರವನ್ನು ಹಿಡಿದು ಬ್ಯಾಟರಿಗೆ ವಿದ್ಯುತ್ ಮರಳಿಸುವುದರಿಂದ, ತುಂಬಿದ ಹೊರೆ ಕೆಳಗಿಳಿಯುವ ಅತ್ತಿಗುಂಡಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದೇ ಷರತ್ತು: ಬ್ಯಾಟರಿ ತುಂಬಿದ್ದರೆ ಮರಳಿದ ವಿದ್ಯುತ್ತಿಗೆ ಜಾಗವಿರದು, ಮೋಟಾರಿನ ಹಿಡಿತವೂ ಸಡಿಲವಾಗುತ್ತದೆ. ರಾತ್ರಿಯೆಲ್ಲ ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಬೆಳಗ್ಗೆ ಲೋಡಿನೊಂದಿಗೆ ಇಳಿಯುವ ಬದಲು, ಕೆಳಗೆ ಪೇಟೆಯಲ್ಲಿ ಗೊಬ್ಬರ ಹೇರುವ ಹೊತ್ತಿನಲ್ಲಿ ಚಾರ್ಜ್ ಮಾಡಿಕೊಂಡು ಮೇಲೇರುವುದು ಇಲ್ಲಿಗೆ ಸರಿಯಾದ ಕ್ರಮ.